ಕಂದಾಯ ಕಟ್ಟಿದವರದೇ ಊರೇ?

ಬೆಂಗಳೂರಿನಲ್ಲಿ ಏಪ್ರಿಲ್ ಎಂದರೆ ಕಂದಾಯದ ತಿಂಗಳು. ವರ್ಷದ್ದನ್ನೆಲ್ಲ ಒಂದೇ ಸಲ ಕಟ್ಟಿದವರಿಗೆ ಶೇ 5ರಷ್ಟು ರಿಯಾಯಿತಿ ಇರುವುದರಿಂದ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸದಸ್ಯರನ್ನು ಎಚ್ಚರಿಸುತ್ತವೆ. ಎರಡು ತಿಂಗಳು ಕಳೆದು ಮಳೆ ಹಿಡಿದು, ಡಾಂಬರು ಕಿತ್ತು, ಮೋರಿ ಉಕ್ಕಿ ಹರಿದಾಗ ಅದೇ ಗುಂಪುಗಳಲ್ಲಿ ಪ್ರಶ್ನೆ ಏಳುತ್ತದೆ: ನಾವು ಕಟ್ಟಿದ ದುಡ್ಡು ಎಲ್ಲಿಗೆ ಹೋಯಿತು? 2025ರಲ್ಲಿ ಪೂರ್ವ ಬೆಂಗಳೂರಿನ ತೆರಿಗೆದಾರರ ವೇದಿಕೆಯೊಂದು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ರಸ್ತೆ, ಚರಂಡಿ ಸರಿಯಾಗುವ ತನಕ ನಮ್ಮಿಂದ ಆಸ್ತಿ ತೆರಿಗೆ ವಸೂಲಿ ಮಾಡಬೇಡಿ ಎಂದು ಸರ್ಕಾರಕ್ಕೆ ಪತ್ರ ಬರೆಯಿತು. ಗುಂಡಿಯಲ್ಲಿ ಒಮ್ಮೆಯಾದರೂ ಚಕ್ರ ಇಳಿಸಿದವರಿಗೆ ಈ ಬೇಡಿಕೆ ನ್ಯಾಯವಾಗಿಯೇ ಕಾಣುತ್ತದೆ.

ಇದರ ಹಿಂದೆ ನಾವೆಲ್ಲ ಪ್ರಶ್ನಿಸದೆ ಒಪ್ಪಿಕೊಂಡಿರುವ ನಂಬಿಕೆ ಒಂದಿದೆ. ಊರಿನ ಖರ್ಚು ಹೊರುವವರು ತೆರಿಗೆದಾರರು. ಆದ್ದರಿಂದ ಊರಿನ ಆಡಳಿತವನ್ನು ಕಾಯುವ ಅಧಿಕಾರ ಎಲ್ಲರಿಗಿಂತ ಮೊದಲು ಅವರದು. ಅವರ ಸಂಘವೇ ನಗರದ ಅಸಲಿ ಕಾವಲುಗಾರ. ರಾಜಕಾರಣಿಗಳನ್ನು ನಂಬದವರು ಈ ಸಂಘಗಳನ್ನು ನಂಬುತ್ತಾರೆ. ಸಂಘಗಳು ಬೇಕು ಎಂಬುದರಲ್ಲಿ ನನಗೆ ತಕರಾರಿಲ್ಲ. ಬೀದಿದೀಪಕ್ಕೆ, ಕೆರೆಗೆ, ಉದ್ಯಾನಕ್ಕೆ ಅವು ಕಚೇರಿಯಿಂದ ಕಚೇರಿಗೆ ಅಲೆದ ಶ್ರಮವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅವು ಊರನ್ನು ಕೇಳುವಾಗ ಮುಂದೆ ಹಿಡಿಯುವ ಆಧಾರಪತ್ರ ತಪ್ಪು. ಕಂದಾಯದ ರಸೀದಿ ಕಾನೂನಿನಲ್ಲೂ ನಿಲ್ಲುವುದಿಲ್ಲ, ಲೆಕ್ಕದಲ್ಲೂ ನಿಲ್ಲುವುದಿಲ್ಲ. ಹೋರಾಟದ ಅಸ್ತ್ರವಾಗಿಯಂತೂ ಅದು ಬೀಸಿದವರ ಕೈಯನ್ನೇ ಕೊಯ್ಯುತ್ತದೆ.

ಮೊದಲು ಕಾನೂನು. ತೆರಿಗೆಯೆಂದರೆ ಏನು ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ 1954ರಲ್ಲಿಯೇ ಇತ್ಯರ್ಥ ಮಾಡಿತು; ಅದಕ್ಕೆ ನಿಮಿತ್ತವಾದದ್ದು ಉಡುಪಿಯ ಶಿರೂರು ಮಠ. ಆಗ ಆ ಸೀಮೆ ಮದ್ರಾಸಿಗೆ ಸೇರಿತ್ತು. ಧಾರ್ಮಿಕ ದತ್ತಿ ಕಾನೂನಿನಡಿ ಮಠಗಳಿಂದ ವಸೂಲಿ ಮಾಡುತ್ತಿದ್ದ ವಂತಿಗೆ ತೆರಿಗೆಯೋ ಶುಲ್ಕವೋ ಎಂಬ ವ್ಯಾಜ್ಯದಲ್ಲಿ ನ್ಯಾಯಾಲಯ ಎರಡರ ನಡುವೆ ಗೆರೆ ಎಳೆಯಿತು. ಶುಲ್ಕ, ಕೊಟ್ಟವನಿಗೆ ಸಲ್ಲುವ ಒಂದು ಸೇವೆಗೆ ಪ್ರತಿಯಾಗಿ ಬರುವಂಥದು. ತೆರಿಗೆಯಲ್ಲಿ ಆ ಕೊಡು–ಕೊಳ್ಳುವಿಕೆ ಇಲ್ಲ. ಎಲ್ಲರ ಒಳಿತಿನ ಬೊಕ್ಕಸಕ್ಕೆ ಎಲ್ಲರಿಂದ ಕಡ್ಡಾಯವಾಗಿ ಎತ್ತುವ ಹಣ ಅದು. ಶುಲ್ಕಕ್ಕೂ ಸೇವೆಗೂ ಪೈಸೆ ಪೈಸೆ ಸರಿಹೊಂದಬೇಕೆಂಬ ಬಿಗಿಯನ್ನು ಮುಂದಿನ ತೀರ್ಪುಗಳು ಸಡಿಲಿಸಿದವು. ತೆರಿಗೆ ಯಾವುದರ ಬೆಲೆಯೂ ಅಲ್ಲ ಎಂಬ ಮಾತು ಮಾತ್ರ ಹಾಗೆಯೇ ಉಳಿಯಿತು.

ಈ ಗೆರೆ ಪುಸ್ತಕದ ಬದನೆಕಾಯಿಯಲ್ಲ. 2025ರ ಏಪ್ರಿಲ್‌ನಿಂದ ಬೆಂಗಳೂರಿನ ಮನೆಗಳ ಮೇಲೆ ಕಟ್ಟಡದ ಅಳತೆಗೆ ತಕ್ಕಂತೆ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ ಕಸದ ಶುಲ್ಕ ಬಿದ್ದಿದೆ. ಆಟೊ ಟಿಪ್ಪರ್ ಬಾರದಿದ್ದರೆ ‘ದುಡ್ಡು ಕೊಟ್ಟಿದ್ದೇನೆ, ಕಸ ಎತ್ತಿ’ ಎಂದು ಜಗಳ ತೆಗೆಯುವ ನೆಲೆ ಅಲ್ಲಿ ಖಂಡಿತ ಇದೆ. ಆಸ್ತಿ ತೆರಿಗೆಗೆ ಅದೇ ತರ್ಕ ಹಚ್ಚಿ ನೋಡಿ. ಹತ್ತು ಸಾವಿರ ಕಟ್ಟಿದವರ ಬೀದಿಗೆ ಹತ್ತು ಸಾವಿರದ ದೀಪ, ಐನೂರು ಕಟ್ಟಿದವರ ಓಣಿಗೆ ಐನೂರರ ದೀಪ ಎಂದಾಗುತ್ತದೆ. ಯಾವ ಸಂಘವೂ ಇದನ್ನು ಬಾಯಿಬಿಟ್ಟು ಕೇಳಿಲ್ಲ. ಆದರೆ ‘ಅತಿ ಹೆಚ್ಚು ತೆರಿಗೆ ಕೊಡುವ ಪ್ರದೇಶ ನಮ್ಮದು, ಆದರೂ ನಮಗೆ ಈ ಗತಿ’ ಎಂಬ ಮನವಿಪತ್ರಗಳ ಒಳಗೆ ಕೂತಿರುವುದು ಇದೇ ತರ್ಕ. ಕಡಿಮೆ ಕೊಡುವ ಪ್ರದೇಶಕ್ಕೆ ಈ ಗತಿ ಬಂದರೆ ಅಷ್ಟೇನೂ ಅನ್ಯಾಯವಿಲ್ಲ ಎಂಬುದು ಅದರ ಇನ್ನರ್ಧ. ಅದನ್ನು ಬರೆಯದೆ ಬಿಟ್ಟಿರುತ್ತಾರೆ, ಅಷ್ಟೆ.

ಇನ್ನು ಲೆಕ್ಕ. ಬಿಬಿಎಂಪಿ ತನ್ನ ಹೆಸರಿನಲ್ಲಿ ಮಂಡಿಸಿದ ಕೊನೆಯ ಬಜೆಟ್, ಅಂದರೆ 2025–26ರದ್ದು, ಸುಮಾರು 19,900 ಕೋಟಿ ರೂಪಾಯಿಯದು. ಅದರ ಹಿಂದಿನ ವರ್ಷ ಕೈಗೆ ಬಂದ ಆಸ್ತಿ ತೆರಿಗೆ ಐದು ಸಾವಿರ ಕೋಟಿಗೆ ತುಸು ಕಡಿಮೆ. ಎಂದರೆ ಹೆಚ್ಚುಕಡಿಮೆ ಕಾಲು ಪಾಲು. ಉಳಿದದ್ದು ರಾಜ್ಯದ ಅನುದಾನ, ನಕ್ಷೆ ಮಂಜೂರಾತಿಯಂಥ ಶುಲ್ಕಗಳು, ಸಾಲ. ರಾಜ್ಯದ ಅನುದಾನ ಎಲ್ಲಿಂದ ಬಂತು? ರಾಯಚೂರಿನಲ್ಲಿ ಸೋಪು ಕೊಂಡವರ ಜಿಎಸ್‌ಟಿಯಿಂದ, ಚಾಮರಾಜನಗರದಲ್ಲಿ ಬೈಕಿಗೆ ಪೆಟ್ರೋಲ್ ಹಾಕಿಸಿದವರ ಮಾರಾಟ ತೆರಿಗೆಯಿಂದ, ಎಲ್ಲ ಊರಿನ ಅಬಕಾರಿಯಿಂದ. ‘ನಮ್ಮ ದುಡ್ಡಿನಲ್ಲಿ ಊರು ನಡೆಯುತ್ತಿದೆ’ ಎನ್ನುವ ಮಾತಿನಲ್ಲಿ ನಿಜವಿದೆ, ಆದರೆ ಆ ‘ನಾವು’ ಸಂಘದ ಸದಸ್ಯರ ಪಟ್ಟಿಗಿಂತ ಬಹಳ ದೊಡ್ಡದು.

ಆಸ್ತಿ ತೆರಿಗೆಯ ಆ ಕಾಲು ಪಾಲನ್ನಾದರೂ ಕೊಡುವವರು ಯಾರು? 2008ರಲ್ಲಿ ಜಾರಿಗೆ ಬಂದ ವಲಯವಾರು ಪದ್ಧತಿಯಲ್ಲಿ ‘ಎ’ ವಲಯದ ಆರ್‌ಸಿಸಿ ಮನೆಗೆ ಮಾಲೀಕರೇ ವಾಸವಿದ್ದರೆ ಚದರಡಿಗೆ ತಿಂಗಳಿಗೆ 2.50 ರೂಪಾಯಿ, ಬಾಡಿಗೆಗೆ ಕೊಟ್ಟಿದ್ದರೆ 5 ರೂಪಾಯಿ ಎಂದು ದರ ಇಟ್ಟರು. ಅದನ್ನು ಹತ್ತು ತಿಂಗಳಿಗೆ ಗುಣಿಸಿ, ಸವಕಳಿ ಕಳೆದು, ಉಳಿದದ್ದರ ಶೇ 20 ತೆರಿಗೆ. ಸಾವಿರ ಚದರಡಿಯ ಮನೆಗೆ ಸವಕಳಿಗೆ ಮುಂಚೆ ಮಾಲೀಕನ ಲೆಕ್ಕ 5,000 ರೂಪಾಯಿ. ಅದೇ ಮನೆಯಲ್ಲಿ ಬಾಡಿಗೆದಾರ ಕೂತರೆ 10,000. ಹಣ ಕಟ್ಟುವ ಕೈ ಮಾಲೀಕನದು, ನಿಜ. ಆದರೆ ಬಾಡಿಗೆ ನಿಗದಿ ಮಾಡುವಾಗ ಈ ಹತ್ತು ಸಾವಿರವನ್ನು ಮರೆಯುವ ಮಾಲೀಕ ಬೆಂಗಳೂರಿನಲ್ಲಿ ಇನ್ನೂ ಹುಟ್ಟಿಲ್ಲ. ಹೀಗೆ ದುಪ್ಪಟ್ಟು ತೆರಿಗೆ ಹುಟ್ಟಿಸುವ ಬಾಡಿಗೆದಾರನಿಗೆ ಎಷ್ಟೋ ಸಂಘಗಳಲ್ಲಿ ಸದಸ್ಯತ್ವವಿಲ್ಲ, ಇದ್ದರೂ ಮತವಿಲ್ಲ. ರಸೀದಿಯಲ್ಲಿ ಹೆಸರಿಲ್ಲವಲ್ಲ!

ಒಂದು ರೂಪಾಯಿ ಕಂದಾಯವನ್ನೂ ಕಟ್ಟದೆ ನಗರದ ಭಾರ ಹೊತ್ತವರೂ ಇದ್ದಾರೆ. ಬೆಂಗಳೂರಿನ ಕಸ ವರ್ಷಗಟ್ಟಲೆ ಮಾವಳ್ಳಿಪುರಕ್ಕೆ ಹೋಯಿತು. 2012ರಲ್ಲಿ ಅಲ್ಲಿ ನಿಂತಾಗ ಹೊರೆಯೆಲ್ಲ ಮಂಡೂರಿನ ಮೇಲೆ ಬಿತ್ತು. ಬಾವಿ ಕೆಟ್ಟು, ನೊಣ ಮುತ್ತಿ, ಕಾಯಿಲೆ ಬಿದ್ದ ಮಂಡೂರಿನವರು 2014ರಲ್ಲಿ ಲಾರಿಗಳನ್ನು ತಡೆದರು. ಆ ವರ್ಷ ಮುಗಿಯುವ ಹೊತ್ತಿಗೆ ಅಲ್ಲಿ ಕಸ ಸುರಿಯುವುದು ನಿಂತಿತು. ಅವರು ಬಿಬಿಎಂಪಿಯ ತೆರಿಗೆದಾರರಾಗಿರಲಿಲ್ಲ. ತೆರಿಗೆದಾರನೇ ದೊರೆ ಎಂಬ ತತ್ವದಲ್ಲಿ ಮಂಡೂರಿನವರಿಗೆ ಬಾಯಿ ತೆರೆಯಲೂ ಜಾಗವಿಲ್ಲ. ಆದರೂ ಬೆಂಗಳೂರಿನವರು ಹಸಿ ಕಸ, ಒಣ ಕಸ ಬೇರೆ ಮಾಡುವುದನ್ನು ಕಲಿತದ್ದರಲ್ಲಿ ರಸೀದಿ ಇಲ್ಲದ ಈ ಹಳ್ಳಿಗರ ಪಾತ್ರ ಸಣ್ಣದಲ್ಲ.

ಇಲ್ಲಿ ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. ಸಂಘದವರ ಕೋಪವೆಲ್ಲ ಪಾಲಿಕೆಯ ಮೇಲೆ. ರಸೀದಿ ಕೊಟ್ಟದ್ದು ಅದೇ ತಾನೆ. ಆದರೆ ನೀರು, ಒಳಚರಂಡಿ ಜಲಮಂಡಳಿಯದು, ವಿದ್ಯುತ್ ಬೆಸ್ಕಾಂನದು, ಬಸ್ಸು ಬಿಎಂಟಿಸಿಯದು, ಬಡಾವಣೆ ಬಿಡಿಎಯದು. ಇವು ಯಾವುವೂ ಪಾಲಿಕೆಯ ಸಭೆಗೆ ಉತ್ತರ ಕೊಡುವ ಸಂಸ್ಥೆಗಳಲ್ಲ. ರಾಜ್ಯ ಸರ್ಕಾರದ ಕೈಯಲ್ಲಿವೆ. 2007ರಲ್ಲಿ 110 ಹಳ್ಳಿಗಳು ನಗರಕ್ಕೆ ಸೇರಿದವು. ಅವುಗಳಿಗೆ ನೀರು ಕೊಡಲೆಂದು ಕೈಗೊಂಡ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ ಟ್ಯಾಂಕರ್ ನೀರು ಕುಡಿದು ಕಂದಾಯ ಕಟ್ಟಿದವರ ಸಿಟ್ಟು ಸಾಚಾ ಸಿಟ್ಟು. ಆದರೆ ಆ ಸಿಟ್ಟಿಗೆ ಕಂದಾಯ ನಿಲ್ಲಿಸಿದ್ದರೆ ಪಾಲಿಕೆಯ ಬೊಕ್ಕಸ ಬರಿದಾಗುತ್ತಿತ್ತೇ ಹೊರತು, ಆ ಕಂದಾಯದಲ್ಲಿ ಪಾಲೇ ಇಲ್ಲದ ಜಲಮಂಡಳಿಯ ಪೈಪು ಒಂದಡಿಯೂ ಮುಂದೆ ಬರುತ್ತಿರಲಿಲ್ಲ.

ಈ ಮಾತಿಗೆ ಬರುವ ಗಟ್ಟಿಯಾದ ಎದುರುಮಾತು ನಮ್ಮ ಚರಿತ್ರೆಯದು. ಕರ ನಿರಾಕರಣೆ ಈ ನೆಲದ್ದೇ ಹೋರಾಟವಲ್ಲವೇ? 1930ರ ದಶಕದ ಮೊದಲಲ್ಲಿ ಅಂಕೋಲಾ, ಸಿದ್ದಾಪುರ, ಹಿರೇಕೆರೂರುಗಳ ರೈತರು ಭೂಕಂದಾಯ ಕೊಡಲಿಲ್ಲ. ಜಮೀನು, ದನ, ಪಾತ್ರೆ ಜಪ್ತಿಯಾದರೂ ಬಗ್ಗಲಿಲ್ಲ. 1980ರಲ್ಲಿ ನರಗುಂದ, ನವಲಗುಂದದ ರೈತರು ಮಲಪ್ರಭೆಯ ನೀರಾವರಿಗೆ ಹಾಕಿದ ಅಭಿವೃದ್ಧಿ ಕರದ ವಿರುದ್ಧ ಎದ್ದರು, ಗೋಲಿಬಾರ್ ಆಯಿತು, ರಾಜ್ಯದ ರೈತ ಚಳವಳಿ ಬಲಿತದ್ದು ಅಲ್ಲಿಂದ. ಅವರು ಮಾಡಬಹುದಾದದ್ದನ್ನು ನಾವೇಕೆ ಮಾಡಬಾರದು?

ಎರಡು ಕಾರಣಗಳಿಗೆ ಆ ಹೋಲಿಕೆ ಒಗ್ಗುವುದಿಲ್ಲ. ಅಂಕೋಲೆಯ ರೈತ ನಿರಾಕರಿಸಿದ್ದು ಆಳುವವರ ಹಕ್ಕನ್ನೇ. ಆ ಸರ್ಕಾರವನ್ನು ಇಳಿಸುವ ಮತ ಅವನ ಕೈಯಲ್ಲಿ ಇರಲಿಲ್ಲ, ಇದ್ದದ್ದು ಕಂದಾಯವೊಂದೇ. ನಮ್ಮ ಕೈಯಲ್ಲಿ ಮತವಿದೆ, ಅದನ್ನು ಬಳಸದಿರುವುದು ಬೇರೆ ಮಾತು. ನರಗುಂದದ ಕರವಂತೂ ಹೆಸರಿಗೆ ತಕ್ಕಂತೆ ಲಾಭಕ್ಕೆ ಕಟ್ಟಿಹಾಕಿದ್ದ ಕರ: ನೀರಾವರಿಯಿಂದ ಭೂಮಿಯ ಬೆಲೆ ಏರಿತು, ಆ ಏರಿಕೆಯಲ್ಲಿ ಪಾಲು ಕೊಡಿ ಎಂದು ಸರ್ಕಾರ ಕೇಳಿತ್ತು. ಅದಕ್ಕೆ ನೀರೇ ಸರಿಯಾಗಿ ತಲುಪದವನು ‘ಲಾಭ ಎಲ್ಲಿದೆ ತೋರಿಸಿ’ ಎಂದದ್ದು ಪೂರ್ತಿ ನ್ಯಾಯ. ಬೆಂಗಳೂರಿನ ನಿವೇಶನದ ಬೆಲೆ 2008ರಿಂದ ಈಚೆಗೆ ಎತ್ತ ಹೋಯಿತು ಎಂದು ಸಂಘದ ಸಭೆಯಲ್ಲಿ ಯಾರಾದರೂ ಕೇಳಿದರೆ ಉತ್ತರಿಸಲು ಉತ್ಸಾಹಿಗಳು ಇರಲಾರರು. 2008ರ ದರಗಳು 2016ರಲ್ಲಿ ಒಮ್ಮೆ ಮನೆಗಳಿಗೆ ಶೇ 20ರಷ್ಟು, ವಾಣಿಜ್ಯ ಕಟ್ಟಡಗಳಿಗೆ ಶೇ 25ರಷ್ಟು ಏರಿದವು. ಆಮೇಲಿನ ಏರಿಕೆಯ ಪ್ರಸ್ತಾವಗಳಿಗೆ ಮೊದಲ ವಿರೋಧ ಬಂದದ್ದು ಇದೇ ಸಂಘಗಳಿಂದ.

ತೆರಿಗೆದಾರರ ಸಂಘ ಪೂರ್ತಿ ಗೆದ್ದರೆ ಏನಾಗುತ್ತದೆ ಎಂಬುದನ್ನು ಊಹಿಸಬೇಕಾಗಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೊವಾರ್ಡ್ ಜಾರ್ವಿಸ್ ಎಂಬುವನ ಮುಂದಾಳತ್ವದಲ್ಲಿ ಆಸ್ತಿ ತೆರಿಗೆಯ ವಿರುದ್ಧ ಎದ್ದ ಅಲೆ 1978ರ ಜೂನ್‌ನಲ್ಲಿ ‘ಪ್ರೊಪೊಸಿಷನ್ 13’ ಎಂಬ ಜನಮತವಾಗಿ ಗೆದ್ದಿತು. ತೆರಿಗೆ ಆಸ್ತಿಯ ಮೌಲ್ಯದ ಶೇ 1 ಮೀರಬಾರದು. ಆ ಮೌಲ್ಯವನ್ನು ವರ್ಷಕ್ಕೆ ಶೇ 2ಕ್ಕಿಂತ ಏರಿಸಬಾರದು. ಮನೆ ಮಾರಾಟವಾದಾಗ ಮಾತ್ರ ಹೊಸ ಬೆಲೆ ಎಣಿಸಬೇಕು. ಊರುಗಳ ಆಸ್ತಿ ತೆರಿಗೆ ಆದಾಯ ಒಂದೇ ಏಟಿಗೆ ಅರ್ಧಕ್ಕಿಂತ ಕೆಳಗಿಳಿಯಿತು. ಶಾಲೆ, ಗ್ರಂಥಾಲಯಗಳಿಗೆ ಕೈಚಾಚಬೇಕಾಗಿ ಬಂದದ್ದು ರಾಜ್ಯದ ರಾಜಧಾನಿಗೆ. ಹಣದ ಹಿಂದೆಯೇ ತೀರ್ಮಾನದ ಅಧಿಕಾರವೂ ಅಲ್ಲಿಗೇ ಹೋಯಿತು. ಬಾಡಿಗೆದಾರರಿಗೆ ಆಸೆ ತೋರಿಸಿದ್ದ ಬಾಡಿಗೆ ಇಳಿಕೆ ಆಗಲಿಲ್ಲ. ಇಂದು ಫ್ರೀಮಾಂಟ್‌ನಲ್ಲೋ ಸಾನ್ ಹೊಸೆಯಲ್ಲೋ ಮನೆ ಕೊಂಡ ಕನ್ನಡಿಗ, ದಶಕಗಳ ಹಿಂದೆ ಅಂಥದೇ ಮನೆ ಕೊಂಡ ಪಕ್ಕದವರ ಹಲವು ಪಟ್ಟು ತೆರಿಗೆ ಕಟ್ಟುತ್ತಾನೆ. ಊರಿನ ಆಡಳಿತವನ್ನು ಹತೋಟಿಗೆ ತರಲು ಹೊರಟ ಚಳವಳಿ, ಊರಿನ ಆಡಳಿತದ ಕೈಯಲ್ಲಿದ್ದ ಅಧಿಕಾರವನ್ನೇ ದೂರದವರಿಗೆ ಒಪ್ಪಿಸಿತು. ಕಂದಾಯ ತಡೆಯುವ ಬೆದರಿಕೆ ನಮ್ಮಲ್ಲಿ ಫಲಿಸಿದರೂ ಆಗುವುದು ಇದೇ: ಪಾಲಿಕೆ ವಿಧಾನಸೌಧದ ಬಾಗಿಲಲ್ಲಿ ಇನ್ನಷ್ಟು ಹೊತ್ತು ನಿಲ್ಲುತ್ತದೆ.

ರಸೀದಿಯ ಮೇಲೆ ನಿಂತ ಸಂಘ ಒಳಗಿನಿಂದಲೂ ಕುಗ್ಗುತ್ತದೆ. ಅದರ ಕಣ್ಣಿಗೆ ಬೀಳುವ ಸಮಸ್ಯೆಗಳು ಮಾಲೀಕರ ಸಮಸ್ಯೆಗಳು: ಪಾರ್ಕಿಂಗ್, ಪಿ.ಜಿ. ಹುಡುಗರ ಗಲಾಟೆ, ಪಾದಚಾರಿ ಮಾರ್ಗದಲ್ಲಿ ಕೂತ ಸೊಪ್ಪಿನವಳು. ಪೌರಕಾರ್ಮಿಕರಿಗೆ ಶೌಚಾಲಯವಿಲ್ಲ ಎಂಬುದು ಮನವಿಪತ್ರದ ತುದಿಯಲ್ಲಿ ಬಂದರೆ ಪುಣ್ಯ. ಸೊಪ್ಪಿನವಳಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಜಾಗ ಕೊಟ್ಟಿದೆ. ಪಟ್ಟಣ ಮಾರಾಟ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು ಎಂದಿದೆ. ಸಂಘದ ಕಡತದಲ್ಲಿ ಮಾತ್ರ ಅವಳು ಒತ್ತುವರಿ. ತಮಾಷೆಯೆಂದರೆ, ಕಂದಾಯ ಕಟ್ಟಿಸಿಕೊಳ್ಳಿ ಎಂದು ಕಚೇರಿಯ ಮುಂದೆ ಗೋಗರೆಯುವವರು ಈ ಊರಿನಲ್ಲಿ ಬಡವರೇ. ಕೊಳೆಗೇರಿಯವರಿಗೆ, ಕಂದಾಯ ನಿವೇಶನದಲ್ಲಿ ಶೀಟಿನ ಮನೆ ಕಟ್ಟಿದವರಿಗೆ ಆ ರಸೀದಿ ‘ನಾವೂ ಇಲ್ಲಿದ್ದೇವೆ’ ಎನ್ನಲು ಇರುವ ಪುರಾವೆ. ತೆರಿಗೆ ಕಟ್ಟಿದ ಮಾತ್ರಕ್ಕೆ ಹಕ್ಕು ಸ್ಥಾಪನೆಯಾಗದು ಎಂದು ನ್ಯಾಯಾಲಯಗಳು ಹೇಳುತ್ತಲೇ ಬಂದಿದ್ದರೂ ಅವರು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಪಾನ ಮಾಡುತ್ತಾರೆ.

ಕಾನೂನು ಈ ವಿಷಯದಲ್ಲಿ ಸಂಘಗಳಿಗಿಂತ ಉದಾರವಾಗಿದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು ಎಂದಿತು. ಕರ್ನಾಟಕದ ಪಾಲಿಕೆ ಕಾನೂನು ಬಹಳ ತಡವಾಗಿ ಅದಕ್ಕೊಂದು ರೂಪ ಕೊಟ್ಟಾಗ, ಕಾರ್ಪೊರೇಟರ್ ಅಧ್ಯಕ್ಷತೆಯ ಸಮಿತಿಯ ಹತ್ತು ಸದಸ್ಯರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟರು, ಇಬ್ಬರು ನಿವಾಸಿ ಸಂಘಗಳವರು ಎಂದು ಬರೆಯಿತು. ಹತ್ತರಲ್ಲಿ ಎರಡು. ಸಂಘಕ್ಕೆ ಸಲ್ಲಬೇಕಾದ ತೂಕದ ಅಂದಾಜು ಇದಕ್ಕಿಂತ ಸರಿಯಾಗಿ ಸಿಗಲಾರದು: ಮಾತು ಕೇಳಿಸಬೇಕು, ಆದರೆ ಅದೊಂದೇ ಮಾತಾಗಬಾರದು.

ಬೆಂಗಳೂರಿನ ನಿವಾಸಿಗಳು ಗೆದ್ದ ಸಂದರ್ಭಗಳನ್ನು ನೆನೆದರೆ ಈ ವಾದ ಇನ್ನಷ್ಟು ಗಟ್ಟಿಯಾಗುತ್ತದೆ. 2016ರ ಅಕ್ಟೋಬರ್‌ನಲ್ಲಿ ಚಾಲುಕ್ಯ ವೃತ್ತದಿಂದ ಹೆಬ್ಬಾಳದ ತನಕದ ಉಕ್ಕಿನ ಮೇಲ್ಸೇತುವೆಯ ವಿರುದ್ಧ ಸಾವಿರಾರು ಜನ ಕೈ ಕೈ ಹಿಡಿದು ಸಾಲು ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಸಾಲಿನಲ್ಲಿ ವಿದ್ಯಾರ್ಥಿಗಳಿದ್ದರು, ಬಸ್ಸಿನಲ್ಲಿ ಓಡಾಡುವವರಿದ್ದರು, ಮರಗಳ ಲೆಕ್ಕ ಇಟ್ಟವರಿದ್ದರು. ಬಾಗಿಲಲ್ಲಿ ನಿಂತು ಯಾರೂ ರಸೀದಿ ಕೇಳಲಿಲ್ಲ. ಗುಂಡಿಗಳ ವಿಚಾರದಲ್ಲಿಯೂ ಹಾಗೆಯೇ. ಕೋರಮಂಗಲದ ನಿವಾಸಿಗಳು 2015ರಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ವಿಚಾರಣೆಯಲ್ಲಿ ಕರ್ನಾಟಕ ಹೈಕೋರ್ಟ್ 2019ರಲ್ಲಿ, ಸುಸ್ಥಿತಿಯ ರಸ್ತೆ, ಪಾದಚಾರಿ ಮಾರ್ಗ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. ರಸ್ತೆಯ ದುಃಸ್ಥಿತಿಯಿಂದ ಗಾಯಗೊಂಡವರು ಪರಿಹಾರ ಕೇಳಬಹುದು ಎಂದಿತು. ಆ ಹಕ್ಕು ಗುಂಡಿಗೆ ಬಿದ್ದ ಫುಡ್ ಡೆಲಿವರಿ ಹುಡುಗನಿಗೂ ಇದೆ, ಅವನ ಹಿಂದೆ ಕಾರಿನಲ್ಲಿ ಹಾರ್ನ್ ಹೊಡೆಯುತ್ತ ನಿಂತವನಿಗೂ ಇದೆ. ಇಷ್ಟು ಭದ್ರವಾದ ನೆಲೆಯನ್ನು ಬಿಟ್ಟು ‘ದುಡ್ಡು ಕೊಟ್ಟಿದ್ದೇನೆ’ ಎಂಬ ಪೊಳ್ಳು ನೆಲೆಗೆ ನಾವು ಏಕೆ ಇಳಿಯಬೇಕು?

ಹಾಗಿದ್ದರೆ ಸಂಘಗಳು ಹೋರಾಡಬೇಕಾದದ್ದು ಯಾವುದಕ್ಕೆ? ರಸೀದಿಯನ್ನೇ ಒಮ್ಮೆ ಓದುವುದರಿಂದ ಶುರು ಮಾಡಬಹುದು. ಅದರಲ್ಲಿ ಸೆಸ್ಸುಗಳಿವೆ, ಗ್ರಂಥಾಲಯ ಕಾಯ್ದೆಯ ಪ್ರಕಾರ ಶೇ 6, ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ಶೇ 3. ಪಾಲಿಕೆ ಇವನ್ನು ವಸೂಲಿ ಮಾಡಿ ಆಯಾ ಕೆಲಸಕ್ಕೆ ದಾಟಿಸಬೇಕು. ಕೋಟಿಗಟ್ಟಲೆ ಬಾಕಿ ಉಳಿಸಿಕೊಂಡಿದೆ ಎಂಬ ದೂರು ಹಳೆಯದು. ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ಹೊಸ ಪುಸ್ತಕ ಏಕೆ ಬರಲಿಲ್ಲ ಎಂದು ಕೇಳುವುದು ದುಡ್ಡಿನ ಲೆಕ್ಕ ಕೇಳುವುದೂ ಹೌದು, ಮನೆ ತೆರಿಗೆ ಕಟ್ಟದ ಓದುಗನ ಪರ ನಿಲ್ಲುವುದೂ ಹೌದು. ವಾರ್ಡ್‌ನಲ್ಲಿ ಎಷ್ಟು ತೆರಿಗೆ ಎದ್ದಿತು, ಎಷ್ಟು ಖರ್ಚಾಯಿತು, ಯಾವ ಕಾಮಗಾರಿಗೆ ಎರಡು ಸಲ ಬಿಲ್ ಆಯಿತು ಎಂಬ ತಿಂಗಳ ಲೆಕ್ಕವನ್ನು ವಾರ್ಡ್ ಸಮಿತಿಯಲ್ಲಿ ಹಟ ಹಿಡಿದು ತೆಗೆಸಬೇಕು. ಲೆಕ್ಕ ಸಿಕ್ಕಿದ ಮೇಲೆ, ಆಸ್ತಿ ಮೌಲ್ಯಕ್ಕೆ ತಕ್ಕ ದರ ಏರಿಕೆಗೆ ಒಪ್ಪುವ ಧೈರ್ಯವೂ ಬೇಕು. ಸ್ವಂತ ಆದಾಯವಿಲ್ಲದ ಪಾಲಿಕೆಯಿಂದ ಸ್ವಂತ ನಿರ್ಧಾರ ಬಯಸಲಾಗದು.

ಇದೆಲ್ಲಕ್ಕಿಂತ ಮೊದಲು ಬರಬೇಕಾದದ್ದು ಚುನಾವಣೆ. ಐದು ವರ್ಷದ ಅವಧಿ ಮುಗಿಯುವ ಮುನ್ನವೇ ಹೊಸ ಸಭೆ ಆಯ್ಕೆಯಾಗಬೇಕು ಎಂಬುದು ಸಂವಿಧಾನದ ಮಾತು. 2015ರ ಆಗಸ್ಟ್‌ನಲ್ಲಿ ಆಯ್ಕೆಯಾದ ಬಿಬಿಎಂಪಿಯ 198 ಸದಸ್ಯರ ಸಭೆ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ಚುನಾವಣೆ ನಡೆಸಿ ಎಂದು ಹೈಕೋರ್ಟ್ ಹೇಳಿತು, ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ವಾರ್ಡ್ ಮರುವಿಂಗಡಣೆ, ಮೀಸಲಾತಿ, ಹೊಸ ಕಾಯ್ದೆ ಎಂದು ಸಬೂಬುಗಳು ಬೆಳೆದವು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬರುವ ತನಕ, ಐದು ವರ್ಷ ಪೂರ್ತಿ, ಒಬ್ಬ ಕಾರ್ಪೊರೇಟರೂ ಇಲ್ಲದೆ ಆಡಳಿತಾಧಿಕಾರಿಗಳು ಊರು ನಡೆಸಿದರು. ಚುನಾವಣೆಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದವರಲ್ಲಿ ಮುಂದಿದ್ದವರು ಮಾಜಿ ಕಾರ್ಪೊರೇಟರ್‌ಗಳು. ಕಾರ್ಪೊರೇಟರ್ ಇಲ್ಲದ್ದೇ ವಾಸಿ, ಕಮಿಷನ್ ಕಾಟ ತಪ್ಪಿತು ಎಂದು ಬಡಾವಣೆಗಳಲ್ಲಿ ನಿಟ್ಟುಸಿರು ಬಿಟ್ಟವರಿಗೇನೂ ಕೊರತೆ ಇರಲಿಲ್ಲ. ಆ ಐದು ವರ್ಷದಲ್ಲಿ ಗುಂಡಿಗಳು ಕಡಿಮೆಯಾದವೇ?

ಕಾರ್ಪೊರೇಟರ್ ಸಾಚಾ ಮನುಷ್ಯನಾಗಿರಬೇಕೆಂದೇನಿಲ್ಲ. ಬೆಳಿಗ್ಗೆ ಅವನ ಮನೆ ಮುಂದೆ ನಿಲ್ಲಬಹುದು, ಐದು ವರ್ಷಕ್ಕೊಮ್ಮೆ ಅವನನ್ನು ಮನೆಗೆ ಕಳಿಸಬಹುದು; ಅವನಿಂದ ಊರಿಗಿರುವ ಪ್ರಯೋಜನ ಅದು. ವರ್ಗಾವಣೆಯಾಗಿ ಹೋಗುವ ಆಯುಕ್ತರಿಗೆ ಆ ಅಂಜಿಕೆ ಇಲ್ಲ. ಮೂರು ಫ್ಲ್ಯಾಟ್‌ಗಳಿಗೆ ಕಂದಾಯ ಕಟ್ಟಿ ಬೇರೆ ಊರಿನಲ್ಲಿರುವ ಮಾಲೀಕನಿಗೆ ವಾರ್ಡ್‌ನಲ್ಲಿ ಮತವಿಲ್ಲ. ಅವನ ಫ್ಲ್ಯಾಟಿನ ಬಾಡಿಗೆದಾರನಿಗೆ ಇದೆ, ಅಲ್ಲಿ ಪಾತ್ರೆ ತೊಳೆಯುವ, ಅದೇ ವಾರ್ಡ್‌ನಲ್ಲಿ ವಾಸವಿರುವ ಹೆಂಗಸಿಗೂ ಇದೆ. ಅವರನ್ನು ಸದಸ್ಯರನ್ನಾಗಿ ಸೇರಿಸಿಕೊಂಡ ಸಂಘದ ಮನವಿಪತ್ರದ ಹಿಂದೆ ಮತಗಳ ಕಂತೆ ಇರುತ್ತದೆ. ಅದನ್ನು ಓದದೆ ಬದಿಗಿಡುವ ಅಭ್ಯರ್ಥಿ ಯಾವ ಪಕ್ಷದಲ್ಲೂ ಇಲ್ಲ.